ಬಣ್ಣ ಕಾಣದ ಮಿನಿಯೇಚರ್‌ಗಳ ರಾಶಿ, ಎಲ್ಲಿಂದ ಶುರು ಮಾಡಲಿ?

ಬೂದುಪಡೆ:

ನಮಸ್ಕಾರ ಎಲ್ಲರಿಗೂ. ನಿನ್ನೆ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಎಣಿಸಿದೆ. ವಾರ್‌ಗೇಮ್ ಮಿನಿಯೇಚರ್‌ಗಳು, ಅಂದರೆ ಮೇಜಿನ ಮೇಲೆ ಆಡುವ ಯುದ್ಧದ ಆಟದ ಪುಟ್ಟ ಗೊಂಬೆಗಳು, ಒಟ್ಟು 163 ಇವೆ, ಅದರಲ್ಲಿ ಪೂರ್ತಿ ಬಣ್ಣ ಆಗಿರುವುದು 22. ಅರ್ಧದಷ್ಟನ್ನು ಇನ್ನೂ ಸ್ಪ್ರೂನಿಂದ (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಬಿಡಿಸಿಯೇ ಇಲ್ಲ, ಒಂದಷ್ಟು ಅಂಟಿಸಿಕೊಂಡು ಬೂದು ಪ್ಲಾಸ್ಟಿಕ್ ಮೈಯಲ್ಲೇ ನಿಂತಿವೆ, ಹತ್ತು ಹನ್ನೆರಡಕ್ಕೆ ಮುಖ, ಬೆಲ್ಟು ಅಂತ ಅರ್ಧಂಬರ್ಧ ಹಚ್ಚಿ ಬಿಟ್ಟಿದ್ದೇನೆ.

ನನಗೆ ಒಂದು ಗೊಂಬೆಗೆ ಐದಾರು ಗಂಟೆ ಹಿಡಿಯುತ್ತದೆ. ನಿಧಾನ ಅಂತ ಬೇಜಾರಿಲ್ಲ, ಹಚ್ಚುವುದೇ ಖುಷಿ. ಆದರೆ ಈ ಲೆಕ್ಕದಲ್ಲಿ ಇಡೀ ಪಡೆ ಒಟ್ಟಿಗೆ ಮೇಜಿನ ಮೇಲೆ ನಿಲ್ಲುವುದು ಯಾವಾಗ? ಮನೆಯಲ್ಲಿ ಇದಕ್ಕೆ ಅಂತ ಬೇರೆ ಜಾಗವಿಲ್ಲ. ಊಟದ ಮೇಜಿನಲ್ಲಿ ಹರಡಬೇಕು, ಮತ್ತೆ ಎತ್ತಿಡಬೇಕು, ಅದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ತಗೊಳ್ಳಲೇ? ಒಂದೇ ಕೋಟ್‌ನಲ್ಲಿ ನೆರಳು ಬೆಳಕು ಬರುವ ಕಾಂಟ್ರಾಸ್ಟ್ ಬಣ್ಣಕ್ಕೆ ಹೋಗಲೇ? ಸ್ವಲ್ಪ ಮಾರಿಬಿಡಲೇ? ಇಂಥ ರಾಶಿಯನ್ನು ನಿಜವಾಗಿ ಕರಗಿಸಿದವರು ಹೇಗೆ ಮಾಡಿದಿರಿ ಹೇಳಿ.

ಐದೈದು:

ನನ್ನ ಹತ್ತಿರ ಇನ್ನೂರರ ಆಸುಪಾಸು ಇತ್ತು, ಈಗ ನಲವತ್ತು ಉಳಿದಿವೆ. ಏರ್‌ಬ್ರಶ್ ಈಗಲೇ ಬೇಡ. ಅದನ್ನು ತೊಳೆಯುವುದೇ ಒಂದು ಕೆಲಸ, ದಿನಾ ಎತ್ತಿಡುವ ಮೇಜಿಗೆ ಅದು ಹೊಂದುವುದಿಲ್ಲ.

ಮೊದಲು ಆ 163 ಅನ್ನು ಕಣ್ಣೆದುರಿನಿಂದ ತೆಗೆಯಿರಿ. ಒಂದು ಸಣ್ಣ ಆಟಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಹೊರಗಿರಲಿ, ಇಪ್ಪತ್ತೋ ಇಪ್ಪತ್ತೈದೋ. ಉಳಿದ ಡಬ್ಬಿಗಳಿಗೆ ಟೇಪ್ ಹಾಕಿ ಮೇಲಿಡಿ. ಈ ಇಪ್ಪತ್ತರಲ್ಲಿ ಒಂದೇ ಒಂದನ್ನು ಪೂರ್ತಿ ಮುಗಿಸಿ, ಮಾಡುತ್ತಾ ಮಾಡುತ್ತಾ ಎಲ್ಲವನ್ನೂ ಕಾಗದದಲ್ಲಿ ಬರೆದುಕೊಳ್ಳಿ. ಯಾವ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಚ್ಚುವ ಪದರ), ಬಟ್ಟೆಗೆ ಯಾವ ಬಣ್ಣ, ಎಷ್ಟು ಕೋಟ್, ಯಾವ ವಾಶ್ (ತಗ್ಗುಗಳಿಗೆ ಇಳಿದು ನೆರಳು ಕೊಡುವ ನೀರುಬಣ್ಣ), ಎಲ್ಲ. ನನ್ನ ಸಮಯ ಜಾಸ್ತಿ ಸೋರಿಹೋಗುತ್ತಿದ್ದದ್ದು ಈ ಬೆಲ್ಟಿಗೆ ಯಾವ ಕಂದು ಅಂತ ಬಾಟಲಿ ಹುಡುಕುತ್ತಾ ಕೂತಾಗ. ಕಾಗದ ಎದುರಿಗಿದ್ದರೆ ಆ ಯೋಚನೆ ಒಂದೇ ಸಲಕ್ಕೆ ಮುಗಿಯಿತು, ಮುಂದೆ ಕೈ ಓಡುತ್ತದೆ.

ಆಮೇಲೆ ಐದೈದು ಹಿಡಿದುಕೊಳ್ಳಿ. ಐದಕ್ಕೂ ಚರ್ಮ, ನಂತರ ಐದಕ್ಕೂ ಬಟ್ಟೆ, ನಂತರ ಕವಚ, ಕೊನೆಗೆ ಪಟ್ಟಿ ಬಕಲ್ಲು. ಒಳಗಿನ ಭಾಗದಿಂದ ಹೊರಗೆ ಬರುತ್ತಾ ಹೋದರೆ ಕುಂಚ ಎಲ್ಲಾದರೂ ತಪ್ಪಿ ತಾಗಿದರೂ ಮುಂದಿನ ಬಣ್ಣ ಅದನ್ನು ಮುಚ್ಚುತ್ತದೆ. ಐದನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ, ಸುಮ್ನೆ ಕಾಯುವ ಕೆಲಸವಿಲ್ಲ. ನಾನು ಹತ್ತರ ಗುಂಪೂ ಮಾಡಿ ನೋಡಿದೆ. ಏಳನೇ ಗೊಂಬೆಗೆ ಬರುವಾಗ ಮನಸ್ಸು ಸೋತಿರುತ್ತದೆ, ಹಾಗಾಗಿ ಐದು ಸಾಕು.

ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿ. 28 ಮಿಲಿಮೀಟರ್ ಗೊಂಬೆಯನ್ನು ಆಟದಲ್ಲಿ ನೋಡುವುದು ಮೂರಡಿ ದೂರದಿಂದ. ಅಲ್ಲಿಂದ ಮುಖ, ಆಯುಧ ಮತ್ತು ಬೇಸ್ (ಗೊಂಬೆ ನಿಲ್ಲುವ ಅಡಿತಟ್ಟೆ) ಕಾಣುತ್ತವೆ. ಬೇಸಿನ ಅಂಚಿಗೆ ನೀಟಾಗಿ ಒಂದು ಕಪ್ಪು ಸುತ್ತು ಹಾಕಿದರೆ ಸಾಧಾರಣ ಕೆಲಸವೂ ಎದ್ದು ಕಾಣುತ್ತದೆ. ವಾರ್‌ಹ್ಯಾಮರ್ 40,000 ಅನ್ನುವ ವಾರ್‌ಗೇಮ್‌ನ 9 ಮತ್ತು 10ನೇ ಆವೃತ್ತಿಯಲ್ಲಿ ಪಡೆಯೆಲ್ಲ ಬ್ಯಾಟಲ್ ರೆಡಿ ಇದ್ದರೆ 100ರಲ್ಲಿ 10 ಅಂಕ ಅದಕ್ಕೇ ಸಿಗುತ್ತದೆ. ಅದಕ್ಕೆ ಅವರು ಕೇಳುವುದು ಮುಖ್ಯ ಬಣ್ಣಗಳು ಮತ್ತು ಬೇಸ್ ಮುಗಿದಿರಬೇಕು ಅಂತ, ಅಷ್ಟೇ.

ಊಟದ ಮೇಜಿನ ವಿಷಯಕ್ಕೆ ಒಂದು ದೊಡ್ಡ ಟ್ರೇ ಇಟ್ಟುಕೊಳ್ಳಿ. ಆ ಐದು ಗೊಂಬೆ, ಆ ಏಳೆಂಟು ಬಾಟಲಿ, ಕುಂಚ ಎಲ್ಲ ಅದರಲ್ಲೇ ಇರಲಿ. ಎತ್ತಿದರೆ ಒಂದೇ ಸಲಕ್ಕೆ ಎದ್ದುಬರಬೇಕು. ಜೊತೆಗೆ ವೆಟ್ ಪ್ಯಾಲೆಟ್ ಮಾಡಿಕೊಳ್ಳಿ, ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್. ನಿನ್ನೆ ಬೆರೆಸಿದ ಬಣ್ಣ ಇವತ್ತೂ ಹಸಿಯಾಗಿರುತ್ತದೆ. ಆಗ ಇಪ್ಪತ್ತು ನಿಮಿಷ ಸಿಕ್ಕಿದರೂ ಕೂರಬಹುದು.

ತೆಳುಕೋಟು:

ಕಾಂಟ್ರಾಸ್ಟ್ ಬಗ್ಗೆ ಕೇಳಿದ್ದೀರಲ್ಲ. ಸಿಟಡೆಲ್ ಅನ್ನುವ ಬಣ್ಣದ ಬ್ರಾಂಡ್ ಅದನ್ನು 2019ರಲ್ಲಿ ತಂದಿತು. ವಯ್ಯೆಹೋದ ಎಕ್ಸ್‌ಪ್ರೆಸ್ ಕಲರ್, ಆರ್ಮಿ ಪೇಂಟರ್‌ನ ಸ್ಪೀಡ್‌ಪೇಂಟ್ ಕೂಡ ಅದೇ ಜಾತಿ. ತಿಳಿ ಬಣ್ಣದ ಪ್ರೈಮರ್ ಮೇಲೆ ಒಂದೇ ಕೋಟ್ ಹಚ್ಚಿದರೆ ಬಣ್ಣ ತಗ್ಗುಗಳಿಗೆ ಇಳಿದು ನೆರಳಾಗುತ್ತದೆ, ಉಬ್ಬಿದ ಕಡೆ ತೆಳುವಾಗಿ ಬೆಳಕಾಗುತ್ತದೆ. ಇನ್ನೂ ಚೆನ್ನಾಗಿ ಬರಬೇಕೆಂದರೆ ಮೊದಲು ಕಪ್ಪು ಪ್ರೈಮರ್, ಮೇಲೆ ಬೂದು, ಅದರ ಮೇಲೆ ಬಿಳಿ ಡ್ರೈಬ್ರಶ್ (ಬಣ್ಣ ಬಹುತೇಕ ಒರೆಸಿದ ಕುಂಚದಿಂದ ಉಬ್ಬುಗಳ ಮೇಲೆ ಸವರುವುದು), ಆಮೇಲೆ ಈ ಬಣ್ಣ. ಇದಕ್ಕೆ ಸ್ಲ್ಯಾಪ್‌ಚಾಪ್ ಅನ್ನುತ್ತಾರೆ. ತುಪ್ಪಳ, ಮಡಿಕೆ ಇರುವ ಬಟ್ಟೆ, ಮರ, ಚರ್ಮ ಇವಕ್ಕೆಲ್ಲ ಬಹಳ ಚೆಂದ.

ಟ್ಯಾಂಕಿಗೆ ಮಾತ್ರ ಬೇಡ. ಅಗಲವಾದ ಚಪ್ಪಟೆ ಭಾಗದಲ್ಲಿ ಮಡುಗಟ್ಟಿ ಕಲೆ ಕಲೆಯಾಗುತ್ತದೆ. ಎಲ್ಲಾದರೂ ಜಾಸ್ತಿ ನಿಂತರೆ ಒಣಗುವ ಮೊದಲೇ ಒಣ ಕುಂಚದಿಂದ ಹೀರಿಕೊಳ್ಳಿ. ಅರ್ಧ ಒಣಗಿದ ಮೇಲೆ ಮುಟ್ಟಲೇಬೇಡಿ, ಕಿತ್ತುಬರುತ್ತದೆ.

ಬೂದುಪಡೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟ್ರೇ ಇವತ್ತೇ ಜೋಡಿಸಿದೆ. ಎರಡು ಪ್ರಶ್ನೆ ಉಳಿಯಿತು. ಅರ್ಧ ಹಚ್ಚಿದ ಆ ಹನ್ನೆರಡನ್ನು ಏನು ಮಾಡಲಿ? ಇನ್ನೊಂದು, ಕಳೆದ ಸಲ ಸ್ಪ್ರೇ ಪ್ರೈಮರ್ ಹೊಡೆದಾಗ ಮೈಯೆಲ್ಲ ಮರಳು ಕಾಗದದ ಹಾಗೆ ತರಿತರಿಯಾಯಿತು, ಆಮೇಲೆ ಧೈರ್ಯವೇ ಬರಲಿಲ್ಲ. ನಿಜ ಹೇಳಬೇಕೆಂದರೆ ರಾಶಿ ಬೆಳೆದದ್ದು ಅಲ್ಲಿಂದಲೇ.

ಹಳೇಸೀಸ:

ತರಿತರಿ ಆದರೆ ಸಾಮಾನ್ಯವಾಗಿ ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಂದು ಕೂತಿದೆ ಅಂತ ಅರ್ಥ. ತುಂಬಾ ದೂರದಿಂದ ಹೊಡೆದರೆ ಹಾಗಾಗುತ್ತದೆ, ಸುಡುಬಿಸಿಲಲ್ಲೂ ಆಗುತ್ತದೆ. ತೇವದ ದಿನ ಹೊಡೆದರೆ ಬೇರೆ ತೊಂದರೆ, ಮಂಜು ಹಿಡಿದ ಹಾಗೆ ಬಿಳಚಿಕೊಳ್ಳಬಹುದು. ಕ್ಯಾನನ್ನು ಒಂದೆರಡು ನಿಮಿಷ ಚೆನ್ನಾಗಿ ಅಲುಗಾಡಿಸಿ, 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಗೊಂಬೆಯ ಆಚೆ ಶುರು ಮಾಡಿ ಈಚೆ ನಿಲ್ಲಿಸುವ ಹಾಗೆ ಬೀಸಿ. ತೆಳ್ಳಗೆ ಎರಡು ಸಲ. ಮೊದಲು ಖಾಲಿ ಸ್ಪ್ರೂ ತುಂಡಿನ ಮೇಲೆ ಹೊಡೆದು ನೋಡಿ, ಅದು ನಯವಾಗಿ ಬಂದರೆ ಮಾತ್ರ ಗೊಂಬೆಗೆ. ಸ್ಪ್ರೇ ಬೇಡವೇ ಬೇಡ ಅನಿಸಿದರೆ ಕುಂಚದಲ್ಲಿ ಹಚ್ಚುವ ಪ್ರೈಮರ್ ಇದೆ, ಮಳೆ ಬಂದರೂ ಒಳಗೆ ಕೂತು ಹಚ್ಚಬಹುದು.

ಆ ಹನ್ನೆರಡರಲ್ಲಿ ಬಣ್ಣ ದಪ್ಪವಾಗಿ ವಿವರ ಮುಚ್ಚಿಹೋಗಿದ್ದರೆ ಮಾತ್ರ ಕಿತ್ತುಹಾಕಿ. ಗಟ್ಟಿ ಪ್ಲಾಸ್ಟಿಕ್ ಅಥವಾ ಲೋಹವಾದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿದರೆ ಬಿಡುತ್ತದೆ. ಕಿಟಕಿ ತೆರೆದಿರಲಿ, ಕೈಗವಸು ಹಾಕಿಕೊಳ್ಳಿ, ಹತ್ತಿರ ಬೆಂಕಿ ಬೇಡ. ರೆಸಿನ್ ಆದರೆ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ, ಕೆಲವು ಮೆತ್ತಗಾಗುತ್ತವೆ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಮುಟ್ಟಬೇಡಿ, ಪ್ಲಾಸ್ಟಿಕ್ಕೇ ಕರಗಿಹೋಗುತ್ತದೆ. ಹಳೇ ಲೋಹದ ಗೊಂಬೆಗಳಿದ್ದರೆ ಅವುಗಳಲ್ಲಿ ಸೀಸ ಇರಬಹುದು. ಉಜ್ಜಿದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆಯಿರಿ, ಅದೂ ಊಟದ ಮೇಜು ಅಂದಿರಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಐದೈದು ಅವರ ಮಾತಿಗೆ ಒಂದು ಸೇರಿಸುತ್ತೇನೆ. ಪ್ರತಿ ಎರಡು ಗುಂಪಿಗೆ ಒಂದು ನಾಯಕನ ಗೊಂಬೆ ಇಟ್ಟುಕೊಳ್ಳಿ, ಅದಕ್ಕೆ ನಿಮ್ಮ ಐದಾರು ಗಂಟೆ ಕೊಡಿ. ಬರೀ ಸಿಪಾಯಿಗಳನ್ನೇ ಹಚ್ಚಿ ಹಚ್ಚಿ ನಾನು ಒಂದು ವರ್ಷ ಕುಂಚ ಮುಟ್ಟಿರಲಿಲ್ಲ. ಮಾರುವುದಾದರೆ ಯಾವ ಆಟವನ್ನು ಇನ್ನು ಆಡುವುದಿಲ್ಲ ಅಂತ ಖಾತ್ರಿ ಇದೆಯೋ ಅದನ್ನು ಮಾತ್ರ ಕೊಡಿ.

ಬೂದುಪಡೆ:

ಮೂರು ವಾರ ಆಯಿತು. ಸ್ಪ್ರೂ ತುಂಡಿನ ಮೇಲೆ ನಾಲ್ಕು ಸಲ ಹೊಡೆದು ಅಭ್ಯಾಸ ಮಾಡಿದೆ, ನಾನು ಹಿಡಿಯುತ್ತಿದ್ದ ದೂರವೇ ಜಾಸ್ತಿ ಇತ್ತು. ಈಗ ನಯವಾಗಿ ಬರುತ್ತಿದೆ. ಹತ್ತು ಸಿಪಾಯಿಗಳು ಬೇಸ್ ಸಮೇತ ಮುಗಿದಿವೆ, ಒಂದಕ್ಕೆ ಸುಮಾರು ಒಂದೂವರೆ ಗಂಟೆ. ಹನ್ನೆರಡರಲ್ಲಿ ಮೂರನ್ನು ಮಾತ್ರ ತೊಳೆದೆ. ಇವತ್ತು ರಾತ್ರಿ ಬಾವುಟ ಹಿಡಿದವನ ಸರದಿ, ಅವನನ್ನು ನಿಧಾನವಾಗಿಯೇ ಹಚ್ಚುತ್ತೇನೆ.