ಪಿಯುಸಿ ಕಲಾ ವಿಭಾಗ: ನಾಲ್ಕನೇ ವಿಷಯ ಯಾವುದು ತಗೊಳ್ಳಲಿ? ತಿಳಿದವರು ಹೇಳಿ

ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಕನ್ನಡ ಮಾಧ್ಯಮ. ಆರ್ಟ್ಸ್ ಅನ್ನೋದು ಅವಳದೇ ತೀರ್ಮಾನ, ನಮಗೂ ಒಪ್ಪಿಗೆ. ಊರಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಜೊತೆ ಸಮಾಜಶಾಸ್ತ್ರ ಅಥವಾ ಐಚ್ಛಿಕ ಕನ್ನಡ ಇದೆ. ಭೂಗೋಳ, ಮನಃಶಾಸ್ತ್ರ ಬೇಕಂದ್ರೆ ದಿನಾ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಲಾಯರ್, ಟೀಚರ್, ಕೆಎಎಸ್ ಮೂರನ್ನೂ ಹೇಳ್ತಿದ್ದಾಳೆ. ಯಾವುದು ತಗೊಂಡರೆ ಯಾವ ದಾರಿ ಮುಚ್ಚುತ್ತೆ? ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಗಬೇಕಾ?

ಅರ್ಥಶಾಸ್ತ್ರ ಉಪನ್ಯಾಸಕ

ಮೇಡಂ, ನೀವು ಹೇಳಿದ ಮೂರು ದಾರಿಗೂ ನಾಲ್ಕನೇ ವಿಷಯ ಅಡ್ಡ ಬರೋದಿಲ್ಲ. ಲಾ, ಬಿಎ, ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ತರಬೇತಿ) ಯಾವುದಕ್ಕೂ ಪಿಯುಸಿಯಲ್ಲಿ ಇಂಥದ್ದೇ ಕಲಾ ವಿಷಯ ಓದಿರಬೇಕು ಅಂತಿಲ್ಲ. ಮುಚ್ಚೋದು ಗಣಿತ ಕೇಳುವ ಬಾಗಿಲುಗಳು: ಇಂಜಿನಿಯರಿಂಗ್, ಆರ್ಕಿಟೆಕ್ಚರ್, ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಥರದ ಕೋರ್ಸುಗಳು. ಅವಳಿಗೆ ಅರ್ಥಶಾಸ್ತ್ರವನ್ನೇ ದೊಡ್ಡ ಮಟ್ಟದಲ್ಲಿ ಓದುವ ಆಸೆ ಇದ್ದರೆ ಈಗಲೇ ಹೇಳಲಿ, ಆಗ ವಾಣಿಜ್ಯ ವಿಭಾಗದಲ್ಲಿ ಗಣಿತ, ಅರ್ಥಶಾಸ್ತ್ರ ಎರಡೂ ಇರುವ ಎಂಇಬಿಎ ಗುಂಪು ನೋಡಬೇಕಾಗುತ್ತೆ.

ಅಂಕದ ಲೆಕ್ಕ ಹೀಗೆ: ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ತಲಾ 100, ಒಟ್ಟು 600. ಪ್ರಾಯೋಗಿಕ ಇಲ್ಲದ ವಿಷಯಕ್ಕೆ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಭೂಗೋಳ, ಮನಃಶಾಸ್ತ್ರಕ್ಕೆ 70 ಬರವಣಿಗೆ, 30 ಪ್ರಾಯೋಗಿಕ. ಆಂತರಿಕ 20 ಸುಮ್ಮನೆ ಬರುತ್ತೆ ಅಂತ ಮಕ್ಕಳು ತಿಳಿದಿರುತ್ತಾರೆ. ಕಿರು ಪರೀಕ್ಷೆ ತಪ್ಪಿಸಿ, ಪ್ರಾಜೆಕ್ಟನ್ನು ಕೊನೇ ವಾರಕ್ಕೆ ತಳ್ಳಿದವರಿಗೆ ಅಲ್ಲೇ ಪೆಟ್ಟು.

ನಾಲ್ಕನೇ ವಿಷಯಕ್ಕಿಂತ ಎರಡನೆಯದರ ಬಗ್ಗೆ ಹೆಚ್ಚು ಯೋಚಿಸಿ. ಕಲಾ ವಿಭಾಗದಲ್ಲಿ ಮಕ್ಕಳು ಎಡವೋದು ಅರ್ಥಶಾಸ್ತ್ರದಲ್ಲಿ. ದ್ವಿತೀಯ ಪಿಯುಸಿಯಲ್ಲಿ ಸೂಕ್ಷ್ಮ, ಸಮಗ್ರ ಎರಡೂ ಇವೆ, ಕೋಷ್ಟಕದ ಲೆಕ್ಕ ಇದೆ, ರೇಖಾಚಿತ್ರ ಇದೆ. ಒಂದು ಮಾದರಿ: ಉತ್ಪಾದನೆ 0, 1, 2 ಇದ್ದಾಗ ಒಟ್ಟು ವೆಚ್ಚ 10, 30, 45. ಸ್ಥಿರ ವೆಚ್ಚ ಎಷ್ಟು ಅಂದರೆ ಅರ್ಧ ತರಗತಿ ಮೌನ. ಏನೂ ಉತ್ಪಾದಿಸದೆ ಇದ್ದಾಗಲೂ ತಗಲುವ 10 ಅದೇ ಸ್ಥಿರ ವೆಚ್ಚ. ಎರಡನೇ ಘಟಕದ ಸೀಮಾಂತ ವೆಚ್ಚ, ಅಂದರೆ ಆ ಒಂದು ಘಟಕಕ್ಕೆ ಹೆಚ್ಚಾದ ವೆಚ್ಚ, 45ರಲ್ಲಿ 30 ಕಳೆದು 15, ಸರಾಸರಿ ವೆಚ್ಚ 45 ಭಾಗಿಸು 2, ಅಂದರೆ 22.50. ಕೂಡು, ಕಳೆ, ಭಾಗಿಸು ಬಿಟ್ಟು ಇದರಲ್ಲಿ ಇನ್ನೇನೂ ಇಲ್ಲ, ಆದರೆ ಸೂತ್ರ ಬಾಯಿಪಾಠ ಮಾಡಿದವರಿಗೆ ಹೊಳೆಯೋದಿಲ್ಲ. ರೇಖಾಚಿತ್ರದಲ್ಲಿ ಬೆಲೆ ಲಂಬಾಕ್ಷದಲ್ಲಿ, ಪ್ರಮಾಣ ಅಡ್ಡಾಕ್ಷದಲ್ಲಿ. ಅಕ್ಷಕ್ಕೆ ಹೆಸರು ಬರೆಯದೆ ಗೆರೆ ಮಾತ್ರ ಎಳೆದು ಬಂದು, ಅಂಕ ಯಾಕೆ ಹೋಯಿತು ಅಂತ ಕೇಳುವವರು ಪ್ರತಿ ವರ್ಷ ಇರುತ್ತಾರೆ.

ಭೂಗೋಳ ಮೇಷ್ಟ್ರು

ಕೆಎಎಸ್ ಮನಸ್ಸಿನಲ್ಲಿದ್ದರೆ ಭೂಗೋಳವೇ ಸರಿ ಅನ್ನೋದು ನನ್ನ ಅಭಿಪ್ರಾಯ. ಮಾನ್ಸೂನ್, ಮಣ್ಣು, ನದಿ ಕಣಿವೆ, ಬೆಳೆ, ಖನಿಜ ಇವೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸುತ್ತಿ ಸುತ್ತಿ ಬರುತ್ತವೆ. ಚೆನ್ನಾಗಿ ಓದುವವರಿಗೆ ಪ್ರಾಯೋಗಿಕದ 30 ಕೈಬಿಟ್ಟು ಹೋಗೋದಿಲ್ಲ.

ಆದರೆ ಸೇರಿಸೋ ಮೊದಲು ಕಾಲೇಜಿಗೆ ಒಮ್ಮೆ ಹೋಗಿ, ಟೋಪೋಶೀಟ್ (ನೆಲದ ಏರಿಳಿತ ತೋರಿಸುವ ವಿವರವಾದ ನಕ್ಷೆ) ತೋರಿಸಿ ಅಂತ ಕೇಳಿ. ಬೀರುವಿನಿಂದ ಮಡಿಕೆ ಸವೆದ ಹಾಳೆ ಹೊರಬಂದರೆ ಪಾಠ ನಡೀತಿದೆ ಅಂತ ಅರ್ಥ. ಹೊಸದಾಗಿ ಮಡಿಸಿಟ್ಟಂತೆ ಇದ್ದರೆ, ಇಲ್ಲವೇ ಹಾಳೆಯೇ ಇಲ್ಲದಿದ್ದರೆ, ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡುವುದೇ ಪ್ರಾಯೋಗಿಕ ಆಗಿರುತ್ತೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ., ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳಲ್ಲಿ ಅಕ್ಕಪಕ್ಕದ ಎರಡರ ನಡುವೆ ಸಾಮಾನ್ಯವಾಗಿ 20 ಮೀಟರ್ ಎತ್ತರ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು. ಸ್ಥಳ ಗುರುತಿಸುವಾಗ ಮೊದಲು ಪೂರ್ವದ ಅಂಕಿ, ಆಮೇಲೆ ಉತ್ತರದ್ದು. ತಿರುಗಾಮುರುಗಾ ಬರೆದರೆ ಊರೇ ಬೇರೆ. ಇದನ್ನು ಹಾಳೆ ಮುಂದಿಟ್ಟುಕೊಂಡೇ ಕಲಿಯಬೇಕು.

ಸಮಾಜಶಾಸ್ತ್ರ ಕಲಿಸುವವಳು

ಭೂಗೋಳದ ಮಾತು ಒಪ್ಪುತ್ತೇನೆ, ಬಸ್ಸಿನ ಮಾತು ಬಿಟ್ಟುಬಿಟ್ಟಿದ್ದೀರಿ ಸರ್. ಪ್ರಾಯೋಗಿಕ ಇರುವ ದಿನ ತರಗತಿ ಸಂಜೆವರೆಗೂ ಇರಬಹುದು. ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ನೋಡಿಕೊಂಡೇ ತೀರ್ಮಾನಿಸಿ ಅಕ್ಕಾ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೇ ಕೂರಿಸೋದಿಲ್ಲ.

ಸಮಾಜಶಾಸ್ತ್ರ ಸುಲಭ ಅಂತ ತಗೊಳ್ಳಬೇಡಿ. ಪಾಸಾಗೋದು ಸುಲಭ, ಹೆಚ್ಚು ಅಂಕ ಕಷ್ಟ. ಉದಾಹರಣೆಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ‘ಪ್ರಬಲ ಜಾತಿ’ಯ ಪ್ರಶ್ನೆ. ಮೈಸೂರು ಸೀಮೆಯ ರಾಂಪುರದಲ್ಲಿ ಅವರು ಕ್ಷೇತ್ರಕಾರ್ಯ ಮಾಡಿದ್ದು, ಸಂಖ್ಯೆ, ಭೂಮಿ, ರಾಜಕೀಯ ಬಲ ಇವು ಹೇಗೆ ಒಂದಾಗುತ್ತವೆ ಅನ್ನೋದನ್ನು ಬಿಡಿಸಿ ಬರೆಯಬೇಕು. ಬಹಳ ಮಕ್ಕಳು ‘ಮೇಲ್ಜಾತಿ ಅಂದರೆ ಪ್ರಬಲ ಜಾತಿ’ ಅಂತ ಒಂದೇ ಸಾಲು ಬರೆದು ಮುಂದೆ ಹೋಗುತ್ತಾರೆ. ಅದು ತಪ್ಪು ಉತ್ತರ.

ಮನಃಶಾಸ್ತ್ರದ ಬಗ್ಗೆ ಒಂದೇ ಮಾತು. ಮುಂದೆ ಬಿಎಯಲ್ಲಿ ಅದನ್ನು ಓದಲು ಪಿಯುಸಿಯಲ್ಲೇ ಓದಿರಬೇಕು ಅನ್ನೋ ಷರತ್ತು ಹೆಚ್ಚಿನ ಕಡೆ ಇಲ್ಲ. ಅದಕ್ಕೋಸ್ಕರ ದಿನಾ ಓಡಾಡೋದು ಬೇಡ.

ವಕೀಲರ ಕಚೇರಿಯಿಂದ

ಪಿಯುಸಿ ಆದ ಮೇಲೆ ಐದು ವರ್ಷದ ಬಿಎ ಎಲ್‌ಎಲ್‌ಬಿಗೆ ಸಾಮಾನ್ಯ ವರ್ಗಕ್ಕೆ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಪರ್ಸೆಂಟ್ ಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಬೇಕಂದರೆ ಕ್ಲ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಇಂಗ್ಲಿಷ್‌ನಲ್ಲಿ ಮಾತ್ರ, ಎರಡು ಗಂಟೆಯಲ್ಲಿ 120 ಪ್ರಶ್ನೆ, ಬಹುತೇಕ ಉದ್ದುದ್ದ ಪ್ಯಾರಾ ಓದಿ ಉತ್ತರಿಸುವಂಥವು. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬೇಕಾದ ಸಿಯುಇಟಿ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶ ಇದೆ.

ಹಾಗಾಗಿ ಮಾಧ್ಯಮ ಬದಲಿಸದೆ ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳಲಿ. ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದರ ತಿರುಳನ್ನು ಕನ್ನಡದಲ್ಲಿ ಮೂರು ಸಾಲು ಬರೆಯುವ ಅಭ್ಯಾಸ ಪ್ರಥಮ ಪಿಯುಸಿಯಿಂದಲೇ ಶುರುವಾದರೆ ಎರಡು ವರ್ಷ ಸಿಗುತ್ತೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇಂಗ್ಲಿಷ್ ಮಾಧ್ಯಮ ತಗೊಂಡರೆ ನೌಕರಿಯಲ್ಲಿ ಕನ್ನಡ ಮಾಧ್ಯಮದ ಮೀಸಲಾತಿ ಹೋಗುತ್ತೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ, ನಿಜವೇ? ಐಚ್ಛಿಕ ಕನ್ನಡದ ಬಗ್ಗೆ ಯಾರೂ ಹೇಳಲಿಲ್ಲ.

ಪ್ರೌಢಶಾಲೆ ಮುಖ್ಯ ಶಿಕ್ಷಕಿ

ನಿಜ ಅಲ್ಲ. ರಾಜ್ಯದ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದ 5 ಪರ್ಸೆಂಟ್, ಗ್ರಾಮೀಣದ 25 ಪರ್ಸೆಂಟ್ ಎರಡಕ್ಕೂ ನೋಡೋದು 1ರಿಂದ 10ನೇ ತರಗತಿ. ಪಿಯುಸಿ ಯಾವ ಮಾಧ್ಯಮವಾದರೂ ಅದು ಉಳಿಯುತ್ತೆ. ಟಿಸಿ ತರಲು ಶಾಲೆಗೆ ಹೋದಾಗಲೇ ವ್ಯಾಸಂಗ ಪ್ರಮಾಣಪತ್ರಗಳನ್ನೂ ಕೇಳಿ. ಪ್ರಾಥಮಿಕ, ಪ್ರೌಢ ಬೇರೆ ಬೇರೆ ಶಾಲೆಯಾಗಿದ್ದರೆ ಎರಡೂ ಕಡೆಯದು ಬೇಕು, ಬಿಇಒ ಮೇಲುಸಹಿಯನ್ನೂ ಈಗಲೇ ಮಾಡಿಸಿಡಿ. ನೇಮಕಾತಿ ಬಂದಾಗ ಹುಡುಕಲು ಹೊರಟರೆ ಶಾಲೆ ಮುಚ್ಚಿರುತ್ತೆ, ಇಲ್ಲವೇ ಹಳೇ ದಾಖಲಾತಿ ವಹಿ ಸಿಗೋದಿಲ್ಲ. ಹೆಸರಿನ ಅಕ್ಷರ ಆಧಾರ್‌ನಲ್ಲಿ, ಅಂಕಪಟ್ಟಿಯಲ್ಲಿ ಒಂದೇ ರೀತಿ ಇದೆಯಾ ನೋಡಿ. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಕೇಳುತ್ತಾರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು.

ಟೀಚರ್ ಆಗೋದಾದರೆ ಇನ್ನೊಂದು ವಿಷಯ: ನೇಮಕಾತಿಯಲ್ಲಿ ನೋಡೋದು ಪದವಿಯಲ್ಲಿ ಯಾವ ವಿಷಯ ಓದಿದ್ದಾಳೆ ಅಂತ. ಬಿಎ ಸೇರುವಾಗ ಹಿಂದಿನ ಅಧಿಸೂಚನೆ ಎದುರಿಗಿಟ್ಟುಕೊಂಡು ವಿಷಯ ಆರಿಸಿ.

ಕನ್ನಡ ಉಪನ್ಯಾಸಕ

ಐಚ್ಛಿಕ ಕನ್ನಡ ಭಾಷಾ ವಿಷಯದ ಕನ್ನಡಕ್ಕಿಂತ ಬೇರೆ. ಹಳಗನ್ನಡ, ಛಂದಸ್ಸು, ಸಾಹಿತ್ಯ ಚರಿತ್ರೆ ಇರುತ್ತೆ. ಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸೋದು ಬಂದರೆ ಆ ಪ್ರಶ್ನೆಗೆ ಪೂರ್ತಿ ಅಂಕ, ಲಘು ಗುರು ಒಂದು ತಪ್ಪಿದರೆ ಸಾಲೇ ಹೋಗುತ್ತೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನೋದನ್ನು ಮರೆಯುವವರೇ ಹೆಚ್ಚು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತಗೊಳ್ಳಬಹುದು, 250ರ ಎರಡು ಪತ್ರಿಕೆ. ಅವಳು ಕಥೆ, ಕವಿತೆ ತಾನಾಗೇ ಓದುವವಳಾದರೆ ಊರಿನ ಕಾಲೇಜಿನಲ್ಲೇ ಇದನ್ನು ತಗೊಳ್ಳಲಿ. ಓದುವ ರೂಢಿ ಇಲ್ಲದಿದ್ದರೆ ಸಮಾಜಶಾಸ್ತ್ರ ತಗೊಳ್ಳಲಿ. ಆಯ್ಕೆ ತಪ್ಪಿತು ಅನಿಸಿದರೆ ತರಗತಿ ಶುರುವಾದ ಮೊದಲ ವಾರಗಳಲ್ಲೇ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ದಾಖಲಾತಿ ಇಲಾಖೆಗೆ ಹೋದ ಮೇಲೆ ವಿಷಯ ಬದಲಿಸೋದು ಕಷ್ಟ.