ಅಪ್‌ಡೇಟ್: 1882ರ ಪೆನ್ನಿಯಲ್ಲಿ ‘ಎಚ್’ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆ: ಇಲ್ಲಿ ಬರ್ಮಿಂಗ್‌ಹ್ಯಾಮ್‌ನ ಭಾನುವಾರದ ಸಂತೆಯಲ್ಲಿ ಒಂದು ಡಬ್ಬಿ ಹಳೇ ನಾಣ್ಯ ಕೊಂಡೆ, ಅದರಲ್ಲಿರುವ 1882ರ ವಿಕ್ಟೋರಿಯಾ ಪೆನ್ನಿಯಲ್ಲಿ ಇಸವಿಯ ಕೆಳಗೆ ‘ಎಚ್’ ಇಲ್ಲ, ಇದು ಅಪರೂಪದ್ದಾ ಅಂತ.

ಅಲ್ಲವಂತೆ! ನೀವು ಹೇಳಿದ ಹಾಗೆ ಟಾರ್ಚನ್ನು ಓರೆಯಾಗಿ ಹಿಡಿದು ಲೆನ್ಸ್‌ನಲ್ಲಿ ನೋಡಿದೆ. ಎರಡು ಪುಟ್ಟ ಗೀಟು, ನಡುವೆ ಅಡ್ಡಗೆರೆಯ ನೆರಳು. ಅಕ್ಷರ ಸವೆದಿದೆ, ಅಷ್ಟೇ. ಆ ವರ್ಷ ಲಂಡನ್ನಿನ ರಾಯಲ್ ಮಿಂಟ್‌ನಲ್ಲಿ ಹೊಸ ಯಂತ್ರ ಕೂರಿಸುತ್ತಿದ್ದರು. ಹಾಗಾಗಿ ಪೆನ್ನಿ ಅಚ್ಚು ಹಾಕುವ ಕೆಲಸ ನಮ್ಮೂರಿನದೇ ಹೀಟನ್ ಟಂಕಸಾಲೆಗೆ ಬಂತು. ‘ಎಚ್’ ಅವರ ಗುರುತು. ನಾಣ್ಯ ಊರು ಬಿಟ್ಟು ಹೋಗಲೇ ಇಲ್ಲವೇನೋ!

ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಡಬ್ಬಿಯಲ್ಲಿ 1902ರ ಎಡ್ವರ್ಡ್ ಪೆನ್ನಿಯೂ ಇತ್ತು. ಮಾಮೂಲಿ ನಾಣ್ಯದಲ್ಲಿ ಸಮುದ್ರದ ಗೆರೆ, ಹಿಂಬದಿಯಲ್ಲಿ ಕೂತಿರುವ ಬ್ರಿಟಾನಿಯಾಳ (ಬ್ರಿಟನ್ನಿನ ಸಂಕೇತವಾದ ಹೆಣ್ಣಿನ ಚಿತ್ರ) ಕಾಲುಗಳು ಒಂದನ್ನೊಂದು ಅಡ್ಡ ಹಾಯುವ ಮಟ್ಟದಲ್ಲಿರುತ್ತದೆ. ನನ್ನದರಲ್ಲಿ ಅದಕ್ಕಿಂತ ಕೆಳಗಿದೆ. ‘ಲೋ ಟೈಡ್’ ಅನ್ನುವುದು ಇದಕ್ಕೇ. ಭಾರೀ ಬೆಲೆಯದಲ್ಲ, ಆದರೆ ಮಾಮೂಲಿಗಿಂತ ಕಡಿಮೆ ಸಿಗುತ್ತದೆ.

ಒಂದು ತಪ್ಪೊಪ್ಪಿಗೆ. ಅಮ್ಮ ಫೋನಿನಲ್ಲಿ “ಹುಣಸೆಹಣ್ಣು ಹಾಕಿ ತಿಕ್ಕೋ” ಅಂದಳು. ಒಂದು ಫಾರ್ದಿಂಗ್ (ಕಾಲು ಪೆನ್ನಿಯ ನಾಣ್ಯ) ತಿಕ್ಕಿಬಿಟ್ಟೆ. ಈ ನಾಣ್ಯಗಳ ಕಂಚಿನಲ್ಲಿ ನೂರಕ್ಕೆ 95 ಪಾಲು ತಾಮ್ರವೇ ಅಲ್ವಾ, ದೇವರ ಚೊಂಬಿನ ಹಾಗೆ ಫಳಫಳ ಅನ್ನುತ್ತಿದೆ. ಆದರೆ ತಿಕ್ಕಿ ಹಳೇ ಮೇಲ್ಮೈ ಹೋಗಿರುವ ಅದನ್ನು ಇನ್ನು ಯಾವ ಸಂಗ್ರಾಹಕನೂ ಮುಟ್ಟುವುದಿಲ್ಲ.