ಟಾರ್ ರೋಡ್ ಮೇಲೆ ಒಂದು ನೀಲಿ ಗೆರೆ

ನಮ್ ಗ್ಯಾಂಗಲ್ಲಿ ಮಳೆಗಾಲ ಶುರುವಾದ್ರೆ ಒಂದೇ ಮಾತು, ಕಟ್ಟೆ ಎಷ್ಟಾಯ್ತು? ಕನ್ನಂಬಾಡಿ 124.80 ಅಡಿ ಮುಟ್ಟೋ ತನಕ ಮಂಡ್ಯದ ಮಂಜಂಗೆ ನಿದ್ದೆ ಇಲ್ಲ. ಇವತ್ತೂ ಟೀ ಅಂಗಡೀಲಿ ಅದೇ ನಡೀತಿತ್ತು, ಡ್ರಾಯಿಂಗ್ ಮೇಷ್ಟ್ರು ಲತಾ ಮಧ್ಯ ಬಾಯಿ ಹಾಕಿ "ಕಟ್ಟೆ ನೀರು ಬಿಡ್ರೋ, ನಿಮ್ಮನೆ ಮುಂದೆ ಬಿದ್ದ ಮಳೆ ನೀರು ಎಲ್ಲಿಗೆ ಹೋಗುತ್ತೆ ಹೇಳಿ ನೋಡೋಣ" ಅಂದ್ಲು.

"ಮೋರಿಗೆ ಕಣಕ್ಕ."

"ಮೋರಿ ಎಲ್ಲಿಗೆ ಹೋಗುತ್ತೆ?"

"ಅದ್ಯಾಕ್ ಬುಡು ನಂಗೆ, ನಾನೇನ್ ಹಿಂದೆ ಹೋಗಿ ನೋಡಿದ್ನಾ?"

ಅಮೆರಿಕದ ಬಾಲ್ಟಿಮೋರಲ್ಲಿ ಹಳೇ ಹೊಳೆ ಒಂದನ್ನ ಪೈಪಿಗೆ ಹಾಕಿ ಮೇಲೆ ಬೀದಿ ಕಟ್ಬಿಟ್ಟಿದ್ರಂತೆ, ಬ್ರೂಸ್ ವಿಲೆನ್ ಅನ್ನೋ ಕಲಾವಿದ ಆ ಹೊಳೆ ಹರೀತಿದ್ದ ದಾರೀಲೇ ರಸ್ತೆ, ಫುಟ್‌ಪಾತ್ ಮೇಲೆಲ್ಲ ತಿಳಿನೀಲಿ ಅಲೆ ಅಲೆ ಗೆರೆ ಎಳೆದಿದಾರೆ, ಅಲ್ಲಲ್ಲಿ ಬೋರ್ಡು ಬೇರೆ, ಹೆಸರು ಘೋಸ್ಟ್ ರಿವರ್ಸ್. ಇದನ್ನ ಲತಾ ಮೊಬೈಲಲ್ಲಿ ತೋರ್ಸಿದ ತಕ್ಷಣ ಮಂಜ "ಒಹೋ, ಸತ್ತೋರ ಫೋಟೋಗೆ ಹಾರ ಹಾಕ್ದಂಗೆ" ಅಂದ. ಟೀ ಮಾಡೋನೂ ನಕ್ಬಿಟ್ಟ.

ಇನ್ನೊಂದು ಇಂಡಿಯಾನಾಪೊಲಿಸ್‌ದು. 2011ರಲ್ಲಿ ಮೇರಿ ಮಿಸ್ ಅನ್ನೋ ಕಲಾವಿದೆ ವೈಟ್ ರಿವರ್ ಉದ್ದಕ್ಕೂ ಮ್ಯಾಪಲ್ಲಿರೋ ತರ ದೊಡ್ಡ ದೊಡ್ಡ ಕೆಂಪು ಪಿನ್ನು, ಕನ್ನಡಿ ಎಲ್ಲ ಇಟ್ಟಿದ್ರು, ಊರೋರು ನದಿ ಕಡೆ ತಿರುಗಿ ನೋಡ್ಲಿ ಅಂತ. ನಮ್ಮೂರಲ್ಲೂ ಹಂಗೇ ಏನಾದ್ರೂ ಮಾಡೋಣ ಅನ್ನೋದು ಲತಾ ಆಸೆ. ಶ್ರೀಧರಣ್ಣ ತಲೆ ಅಲ್ಲಾಡ್ಸಿ "ಇಲ್ಲಿ ಕನ್ನಡಿ ಇಟ್ರೆ ಕಾಲೇಜ್ ಹುಡುಗ್ರು ಕ್ರಾಪ್ ತೀಡ್ಕೋತಾರೆ, ಸಂಜೆ ಹೊತ್ಗೆ ಕನ್ನಡಿ ಯಾರ್ದೋ ಬಚ್ಚಲಮನೇಲಿರುತ್ತೆ. ನೀಲಿ ಗೆರೆಗೆ ಎಲೆಅಡಿಕೆ ಉಗಿದು ಕೆಂಪು ಮಾಡ್ತಾರೆ, ಉಳಿದ ಜಾಗಕ್ಕೆ ಹುಟ್ಟುಹಬ್ಬದ ಫ್ಲೆಕ್ಸು" ಅಂದ್ರು. ಸುಳ್ಳಲ್ಲ ಬಿಡಿ.

"ಗೆರೆ ಎಳುದ್ರೆ ನೀರು ಕ್ಲೀನಾಯ್ತದಾ? ಮೊದ್ಲು ಯುಜಿಡಿ ಪೈಪಿನ ಕೊಳಚೆ ನೀರು ಬಂದು ಸೇರೋದ್ ನಿಲ್ಲುಸ್ಲಿ" ಅಂತ ಮಂಜಂದು ಇನ್ನೊಂದು ಪಟ್ಟು.

ಆಗ ಲತಾಗೆ ಸಿಟ್ಟು ಬಂತು. "ಬಾದಲ್ ನಂಜುಂಡಸ್ವಾಮಿ ಗೊತ್ತಲ್ವ, ನಮ್ಮ ಮೈಸೂರೋರೇ, ಕಾವಾ ಕಲಾ ಕಾಲೇಜಲ್ಲಿ ಓದಿದೋರು, 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡೀಲಿ ಮೊಸಳೆ ಬೊಂಬೆ ತಂದ್ ಕೂರಿಸಿದ್ರಲ್ಲ, ಗುಂಡಿ ಅಲ್ಲಿ ಎಷ್ಟ್ ದಿನದಿಂದ ಇತ್ತು, ಮೊಸಳೆ ಬಂದ್ಮೇಲೆ ತಾನೆ ಎಲ್ರ ಕಣ್ಣಿಗೂ ಬಿದ್ದಿದ್ದು, ರಿಪೇರಿಗೂ ಓಡಿಬಂದಿದ್ದು? ಕಣ್ಣಿಗೇ ಬೀಳದ ರಾಜಕಾಲುವೆಗೆ ಯಾರಪ್ಪ ಅರ್ಜಿ ಕೊಡ್ತಾರೆ?"

ಈ ಪಾಯಿಂಟಿಗೆ ನನ್ನ ಓಟು ಅವಳಿಗೇ. ಯಾಕಂದ್ರೆ ಗೆರೆ ಎಳೆಯೋಕೆ ನಮ್ಮೂರಲ್ಲೇ ಪಸಂದಾದ ಜಾಗ ಇದೆ, ಪೂರ್ಣಯ್ಯ ನಾಲೆ. ದಿವಾನ್ ಪೂರ್ಣಯ್ಯನೋರು ಮೈಸೂರಿಗೆ ನದಿ ನೀರು ತರ್ಬೇಕು ಅಂತ ತೋಡ್ಸಿದ್ದು, ನದಿ ನೀರು ಬರ್ಲೇ ಇಲ್ಲ, ಆಮೇಲೆ ಅದೇ ನಾಲೆ ಮಳೆ ನೀರು ಹೊತ್ಕೊಂಡು ಕುಕ್ಕರಹಳ್ಳಿ ಕೆರೆ ತುಂಬಿಸ್ತಾ ಇತ್ತು. ಈಗ ಕೆರೆ ಏರಿ ಮೇಲೆ ದಿನಾ ಬೆಳಗ್ಗೆ ವಾಕಿಂಗ್ ಮಾಡ್ತಾ ಪೆಲಿಕನ್ ಫೋಟೋ ಹೊಡೆಯೋ ನಮಗೆ ಆ ಕೆರೆಗೆ ನೀರು ಯಾವ ಕಡೆಯಿಂದ ಬರ್ತಿತ್ತು ಅನ್ನೋದೇ ಗೊತ್ತಿಲ್ಲ, ನಾಲೆ ಎಷ್ಟೋ ಕಡೆ ಒತ್ತುವರಿ ಆಗಿ ಮನೆ ರಸ್ತೆ ಅಡಿ ಸೇರ್ಕೊಂಡಿದೆ.

ಶ್ರೀಧರಣ್ಣಂಗೂ ಹುಮ್ಮಸ್ಸು ಬಂತು. ಗೆರೆ ಜೊತೆ ಚಿಣ್ಣರಿಂದ ಮೀನು ಬರ್ಸೋಣ, ಆಮೆ ಬರ್ಸೋಣ, ಬಣ್ಣದ ಖರ್ಚಿಗೆ ಮೊದಲ ಐನೂರು ನಂದೇ ಅಂತ ಜೇಬಿಗೆ ಕೈ ಹಾಕಿದ್ರು. ಲತಾ ಬಿಲ್ ಹಿಂದೆ ಪೆನ್ನಲ್ಲಿ ಗೆರೆ ಗೀಚಿ, ಈ ಕ್ರಾಸ್ ದಾಟಿ, ಪಾರ್ಕ್ ಪಕ್ಕ ಹಾದು, ಇಲ್ಲಿ ಎಡಕ್ಕೆ ಅಂತ ತೋರಿಸ್ತಾ ಹೋದ್ಲು.

"ತಡಿಯಮ್ಮ, ಇದು ನಮ್ಮ ರೋಡ್ ಅಲ್ವ?"

"ನಿಮ್ಮ ಗೇಟೇ ಶ್ರೀಧರಣ್ಣ. ಪ್ರತಿ ಮಳೆಗೂ ನಿಮ್ಮ ಕಾರ್ ಪಾರ್ಕಿಂಗಲ್ಲಿ ನೀರು ನಿಲ್ಲುತ್ತೆ ಅಂತೀರಲ್ಲ!"

ಐನೂರರ ನೋಟು ವಾಪಸ್ ಜೇಬಿಗೆ ಹೋಯ್ತು. "ಹಂಗೆಲ್ಲ ಆತುರ ಬೇಡ, ಮೊದ್ಲು ಸರ್ವೆ ನಕ್ಷೆ ತರಿಸಿ ನೋಡ್ಬೇಕು" ಅಂದ್ರು. ಸೈಟು ತಗೊಂಡಾಗ ಈ ಮಹಾನುಭಾವರು ನಕ್ಷೆ ಇರ್ಲಿ, ವಾಸ್ತು ಬಿಟ್ಟು ಬೇರೇನೂ ನೋಡಿರ್ಲಿಲ್ಲ.